ಕ್ರೂಸ್ ಹಿಡಿಯದ ಗಾಡಿಗೆ ಉಳವಿಯಿಂದ ಒಂದು ಕಾಗದ

ಉಳವಿ, ಸೊರಬ ತಾಲ್ಲೂಕು
ಆಷಾಢ ಮಾಸ

ಚಿ. ಪುಟ್ಟಿಗೆ,

ನೀನು ಕಳಿಸಿದ ಕಾರಿನ ಫೋಟೋಗಳನ್ನೆಲ್ಲ ನೋಡಿದೆ. ಜೊತೆಗೆ ಕಳಿಸಿದ ಮಾತನ್ನೂ ಕೇಳಿಸಿಕೊಂಡೆ. ಉತ್ತರವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ವೈರಿಂಗ್ ವಿಷಯ ಫೋನಿನಲ್ಲಿ ಹೇಳಿದರೆ ಅರ್ಧ ಅಲ್ಲೇ ಸೋರಿಹೋಗುತ್ತದೆ. ಕಾಗದದಲ್ಲಿದ್ದರೆ ನೀನು ಡ್ಯಾಶ್‌ಬೋರ್ಡಿನ ಅಡಿಗೆ ತಲೆ ತೂರಿಸಿ ಮಲಗಿದಾಗ ಪಕ್ಕದಲ್ಲಿಟ್ಟುಕೊಂಡು ಓದಬಹುದು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಳೆ ಹೊಳವಾದಾಗಲೇ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕೆಂದು ನಿಮ್ಮಪ್ಪ ಆಳುಗಳ ಹಿಂದೆ ಓಡಾಡುತ್ತಿದ್ದಾನೆ. ಅವನಿಗೆ ನಿನ್ನ ಕಾರಿನ ಕಥೆ ಹೇಳಿದರೆ, ‘ಅಷ್ಟು ದೂರ ಹೋಗಿ ಇಪ್ಪತ್ತೇಳು ಇಪ್ಪತ್ತೆಂಟು ವರ್ಷದ ಹಳೇ ಗಾಡಿ ತಗೊಂಡಿದ್ದಾಳಲ್ಲ’ ಎಂದ. ಓದುವ ಹುಡುಗಿ 1997ರ ಗಾಡಿ ತೆಗೆದುಕೊಂಡದ್ದು ಸರಿಯಾಗಿಯೇ ಇದೆ ಎಂದು ನಾನು ನಿನ್ನ ಪರ ವಹಿಸಿದ್ದೇನೆ. ಆ ಕಾಲದ ಜಪಾನಿ ಗಾಡಿಗಳು ಕೈಗೆ ಸಿಗುವ ಗಾಡಿಗಳು. ಬಿಚ್ಚಿದರೆ ಒಳಗೆ ಏನಿದೆ ಎಂದು ಕಾಣುತ್ತದೆ.

ಅಲ್ಲಿಯ ಗ್ಯಾರೇಜಿನವನು ‘ಕ್ರೂಸ್ ಕಂಟ್ರೋಲಿನ ಮಾಡ್ಯೂಲ್ ಹೋಗಿದೆ, ಬದಲಾಯಿಸಬೇಕು’ ಎಂದನಂತೆ. ಮೀಟರ್ ಹಿಡಿದು ನೋಡಿ ಹೇಳಿದನೇ, ನಿಂತಲ್ಲೇ ಹೇಳಿದನೇ? ನಿನ್ನ ಮಾತಿನ ಪ್ರಕಾರ ಬೋನೆಟ್ ಕೂಡ ಎತ್ತಲಿಲ್ಲ. ಹಾಗಾದರೆ ಅದು ರೋಗಪರೀಕ್ಷೆಯಲ್ಲ, ಊಹೆ. ನಮ್ಮ ಕಡೆಯೂ ಇಂಥವರಿಗೆ ಬರವಿಲ್ಲ. ಸಾಮಾನು ಬದಲಾಯಿಸುವವರು ಬಹಳ ಮಂದಿ, ತಂತಿ ಹಿಡಿದುಕೊಂಡು ಹೋಗುವವರು ಕಡಿಮೆ.

ಮೊದಲು ಈ ಕ್ರೂಸ್ ಯಂತ್ರದ ಸ್ವಭಾವ ತಿಳಿದುಕೋ. ನಮ್ಮ ತೋಟದ ಹಳೇ ಡೀಸೆಲ್ ಪಂಪ್ ನಿನಗೆ ನೆನಪಿರಬೇಕು. ನೀರಿನ ಹೊರೆ ಹೆಚ್ಚಾದಾಗ ಒಂದು ಕ್ಷಣ ಗುರ್ ಎಂದು ತಗ್ಗಿ, ಮತ್ತೆ ತಾನೇ ತನ್ನ ಲಯಕ್ಕೆ ಬರುತ್ತಿತ್ತು. ಅದರೊಳಗೆ ಗವರ್ನರ್ ಇದೆ. ತಿರುಗುವ ತೂಕದ ಗುಂಡುಗಳು ವೇಗ ಏರಿದರೆ ಹೊರಕ್ಕೆ ಹಾರಿ ಎಣ್ಣೆ ಕಡಿಮೆ ಮಾಡುತ್ತವೆ, ವೇಗ ಇಳಿದರೆ ಒಳಕ್ಕೆ ಬಂದು ಎಣ್ಣೆ ಬಿಡುತ್ತವೆ. ಜೇಮ್ಸ್ ವಾಟ್ 1788ರ ಸುಮಾರಿಗೆ ಉಗಿ ಎಂಜಿನ್ನಿಗೆ ಕಟ್ಟಿದ್ದೂ ಇದನ್ನೇ. ಕಾಲು ಇಡದೆಯೇ ಗಾಡಿಯ ವೇಗವನ್ನು ಒಂದೇ ಸಮ ಹಿಡಿದಿಡುವ ಕ್ರೂಸ್ ಕಂಟ್ರೋಲ್ ಇದೇ ಮನೆತನದ್ದು. ನಿನ್ನ ಗಾಡಿಯಲ್ಲಿ ಗುಂಡಿನ ಬದಲು ಗೇರ್‌ಬಾಕ್ಸಿನ ಮೇಲೆ ಕೂತ ಸ್ಪೀಡ್ ಸೆನ್ಸರ್ ಇದೆ, ಲೆಕ್ಕ ಹಾಕಲು ಒಂದು ಮಾಡ್ಯೂಲ್ ಇದೆ, ಆಕ್ಸಿಲರೇಟರ್ ಕೇಬಲ್ ಎಳೆಯಲು ಬೋನೆಟ್ ಒಳಗೆ ಒಂದು ವ್ಯಾಕ್ಯೂಮ್ ಡಬ್ಬಿ ಇದೆ. ನೀನು ಕಳಿಸಿದ ಫೋಟೋದಲ್ಲಿ ಕರಿ ಡಬ್ಬಿಯಿಂದ ಕೇಬಲ್ ಹೊರಟಿದೆಯಲ್ಲ, ಅದೇ.

ಇನ್ನೊಂದು ಮಾತು. ಕ್ರೂಸ್ ಕಂಟ್ರೋಲನ್ನು ಕಂಡುಹಿಡಿದವನು ನೀನಿರುವ ಇಂಡಿಯಾನಾ ರಾಜ್ಯದವನೇ. ರಾಲ್ಫ್ ಟೀಟರ್ ಅಂತ, ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನವನು. ಐದನೇ ವಯಸ್ಸಿಗೆ ಪೆಟ್ಟು ಬಿದ್ದು ಎರಡೂ ಕಣ್ಣು ಹೋಯಿತು. ಆದರೂ 1912ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದ. ಮೊದಲನೇ ಮಹಾಯುದ್ಧದ ಹೊತ್ತಿಗೆ ಯುದ್ಧನೌಕೆಯ ಟರ್ಬೈನ್ ರೋಟರುಗಳ ತೂಕ ಸರಿದೂಗಿಸುವ ಕೆಲಸವನ್ನು ಬೆರಳಿನ ಸ್ಪರ್ಶಜ್ಞಾನದ ಬಲದಿಂದ ಮಾಡಿಕೊಟ್ಟವನು. ಆಮೇಲೆ ಪಿಸ್ಟನ್ ರಿಂಗ್ ಮಾಡುವ ಪರ್ಫೆಕ್ಟ್ ಸರ್ಕಲ್ ಕಂಪನಿಗೆ ಅಧ್ಯಕ್ಷನಾದ. ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ ವಕೀಲನಿಗೆ ಮಾತಾಡುವಾಗ ಕಾಲು ಸಡಿಲ, ಮಾತು ಕೇಳುವಾಗ ಕಾಲು ಬಿಗಿ. ಗಾಡಿ ಎಳೆದೂ ಬಿಟ್ಟೂ ಹೋಗುತ್ತಿತ್ತು. ಕಣ್ಣಿದ್ದವರಿಗೆ ಗೊತ್ತಾಗದ ಆ ಜಗ್ಗಾಟ ಕಣ್ಣಿಲ್ಲದವನಿಗೆ ಸಹಿಸಲಾಗಲಿಲ್ಲ. ಅದನ್ನು ತಪ್ಪಿಸಲು ಮಾಡಿದ ಯಂತ್ರಕ್ಕೆ 1950ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿತು. 1958ರ ಕ್ರೈಸ್ಲರ್ ಇಂಪೀರಿಯಲ್ ಗಾಡಿಯಲ್ಲಿ ಮೊದಲು ಮಾರಾಟಕ್ಕೆ ಬಂತು. 1973ರ ಎಣ್ಣೆ ಬಿಕ್ಕಟ್ಟಿನ ನಂತರ ಪೆಟ್ರೋಲ್ ಉಳಿಯುತ್ತದೆಂದು ಅಮೆರಿಕದಲ್ಲಿ ಬಹಳ ಮಂದಿ ಹಾಕಿಸಿಕೊಂಡರು. ಈ ಕಥೆ ಯಾಕೆ ಹೇಳಿದೆ ಎಂದರೆ, ಬ್ರೇಕ್ ಪೆಡಲಿನ ಮೇಲ್ಭಾಗ ಕಣ್ಣಿಗೆ ಕಾಣುವ ಜಾಗವಲ್ಲ. ಅಲ್ಲಿ ನಿನಗೂ ಬೆರಳೇ ಗತಿ.

ಈಗ ವೈರಿಂಗಿಗೆ ಬರೋಣ. ಕ್ರೂಸಿನ ವೈರಿಂಗ್ ಬೇರೆ ಯಾವ ವೈರಿಂಗಿನ ಹಾಗೂ ಅಲ್ಲ. ಹೆಡ್‌ಲೈಟಿಗೆ ಕರೆಂಟ್ ಕೊಟ್ಟರೆ ಉರಿಯುತ್ತದೆ, ಮುಗಿಯಿತು. ಇದು ಹಾಗಲ್ಲ. ಒಟ್ಟು ಕುಟುಂಬದ ಪಾಲುಪಟ್ಟಿಗೆ ಎಲ್ಲ ಅಣ್ಣತಮ್ಮಂದಿರೂ ಸಹಿ ಹಾಕಬೇಕಲ್ಲ, ಹಾಗೆ. ಮೇನ್ ಸ್ವಿಚ್ಚಿನ ಸಹಿ, ಸ್ಟಿಯರಿಂಗ್ ಮೇಲಿನ ಸೆಟ್ ಬಟನ್ನಿನ ಸಹಿ, ಬ್ರೇಕ್ ಸ್ವಿಚ್ಚಿನದು, ಗೇರ್ ಡ್ರೈವಿನಲ್ಲಿದೆ ಎಂಬ ಸ್ವಿಚ್ಚಿನದು, ವೇಗದ ಸೆನ್ಸರಿನದು, ಕೊನೆಗೆ ಬಾಡಿ ಅರ್ತಿನದು. ಇವರಲ್ಲಿ ಒಬ್ಬ ‘ನಾನು ಹಾಕಲ್ಲ’ ಎಂದು ಮೂತಿ ತಿರುಗಿಸಿದರೆ ಮಾಡ್ಯೂಲ್ ಸುಮ್ಮನಾಗುತ್ತದೆ. ಅದು ಕೆಟ್ಟದ್ದಲ್ಲ, ಅದರ ಮರ್ಯಾದೆ ಅದು. ಆಕ್ಸಿಲರೇಟರನ್ನು ನಿನ್ನ ಕಾಲಿನಿಂದ ಕಿತ್ತುಕೊಳ್ಳುವ ಯಂತ್ರಕ್ಕೆ ‘ಬೇಡ’ ಅನ್ನುವುದೇ ಮೊದಲ ಪಾಠವಾಗಿರಬೇಕು. ಹಾಗಾಗಿ ‘ಯಾವ ಸಾಮಾನು ಕೆಟ್ಟಿದೆ’ ಎಂದು ಹುಡುಕಬೇಡ. ಸಹಿ ಹಾಕದವರು ಯಾರು ಎಂದು ಹುಡುಕು.

ನಿನ್ನ ಮಾತಿನಲ್ಲೇ ನನಗೊಂದು ಸುಳಿವು ಸಿಕ್ಕಿದೆ. ನೀನು ಅದನ್ನು ಬೇರೆ ವಿಷಯ ಎಂದುಕೊಂಡು ಹೇಳಿದೆ. ‘ಹಳೇದಾಗಿದೆಯೋ ಏನೋ, ಒಂದೆರಡು ಸಲ ಬೆಳಿಗ್ಗೆ ಬ್ಯಾಟರಿ ಡೌನ್ ಆಗಿತ್ತು’ ಎಂದೆಯಲ್ಲ. ಕ್ರೂಸ್ ಹಿಡಿಯುತ್ತಿಲ್ಲ, ಬ್ಯಾಟರಿ ಇಳಿಯುತ್ತಿದೆ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಈಗಲೇ ಎದ್ದು ಕಾರಿನ ಹತ್ತಿರ ಹೋಗು. ಕತ್ತಲಾಗಿದ್ದರೆ ಇನ್ನೂ ಒಳ್ಳೆಯದು. ಕೀ ತೆಗೆದು, ಬಾಗಿಲು ಹಾಕಿ, ಹಿಂದೆ ಹೋಗಿ ನಿಂತು ನೋಡು. ಯಾರೂ ಪೆಡಲ್ ಒತ್ತದೆ ಇದ್ದರೂ ಬ್ರೇಕ್ ಲೈಟ್ ಉರಿಯುತ್ತಿದೆಯೇ?

ಉರಿಯುತ್ತಿದ್ದರೆ ಕಥೆ ಇಷ್ಟೇ. ಬ್ರೇಕ್ ಪೆಡಲಿನ ತೋಳಿಗೆ ಮೇಲ್ಗಡೆ ಒಂದು ತೂತು ಇರುತ್ತದೆ. ಆ ತೂತಿಗೆ ಗುಂಡಿಯಷ್ಟು ದೊಡ್ಡ ಪ್ಲಾಸ್ಟಿಕ್ ಬಿರಡೆ ಸಿಕ್ಕಿಸಿರುತ್ತಾರೆ. ಪೆಡಲ್ ಮೇಲೆ ಇದ್ದಾಗ ಆ ಬಿರಡೆ ಬ್ರೇಕ್ ಸ್ವಿಚ್ಚಿನ ಮೂತಿಯನ್ನು ಒತ್ತಿ ಹಿಡಿದಿರುತ್ತದೆ. ನೀನು ಬ್ರೇಕ್ ತುಳಿದರೆ ಮೂತಿ ಹೊರಕ್ಕೆ ಬಂದು ಲೈಟ್ ಹತ್ತುತ್ತದೆ. ಇಷ್ಟು ವರ್ಷ ಬಿಸಿಲು, ಹಿಮ ಎರಡನ್ನೂ ಕಂಡ ಪ್ಲಾಸ್ಟಿಕ್ ಒಣ ಹಪ್ಪಳದಂತೆ ಮುರಿದು ಉದುರುತ್ತದೆ. ಆಗ ಸ್ವಿಚ್ಚಿನ ಮೂತಿ ಖಾಲಿ ತೂತಿನೊಳಗೆ ಚಾಚಿಕೊಂಡು ಕೂರುತ್ತದೆ. ಗಾಡಿಗೆ ನೀನು ಹಗಲೂ ರಾತ್ರಿ ಬ್ರೇಕ್ ತುಳಿದೇ ಇದ್ದೀಯ ಎಂದು ಲೆಕ್ಕ. ಬ್ರೇಕ್ ತುಳಿದವಳಿಗೆ ಕ್ರೂಸ್ ಕೊಡುವುದು ಹೇಗೆ? ಕಾಲಡಿಯ ಮ್ಯಾಟ್ ಎತ್ತಿ ಕೊಡವು. ಪ್ಲಾಸ್ಟಿಕ್ ಚೂರು ಸಿಕ್ಕರೆ ಎತ್ತಿಟ್ಟುಕೋ, ಅದೇ ಸಾಕ್ಷಿ. ಇನ್ನೊಂದು ಪರೀಕ್ಷೆಯೂ ಇದೆ. ನಿನ್ನದು ಆಟೊಮ್ಯಾಟಿಕ್ ಗಾಡಿ. ಬ್ರೇಕ್ ತುಳಿಯದೆ ಪಾರ್ಕಿಂಗಿನಿಂದ ಗೇರ್ ಕದಲಬಾರದು. ಕೀ ಆನ್ ಮಾಡಿ, ಎಂಜಿನ್ ಹಚ್ಚದೆ, ಹ್ಯಾಂಡ್‌ಬ್ರೇಕ್ ಎಳೆದು, ಕಾಲು ಹಿಂದಿಟ್ಟುಕೊಂಡು ಗೇರ್ ಎಳೆದು ನೋಡು. ಸಲೀಸಾಗಿ ಬಂದರೆ ಅನುಮಾನವೇ ಬೇಡ.

ಬ್ಯಾಟರಿಯ ಲೆಕ್ಕವನ್ನೂ ಹಾಕಿಕೊಡುತ್ತೇನೆ, ನೀನು ಎಂಜಿನಿಯರಿಂಗ್ ಹುಡುಗಿ. ಬ್ರೇಕ್ ಬಲ್ಬು ಒಂದೊಂದೂ 20 ವ್ಯಾಟಿನ ಮೇಲೆ. ಎರಡು ಪಕ್ಕದವು, ಹಿಂದಿನ ಗಾಜಿನ ನಡುವೆ ಒಂದು, ಮೂರು ಸೇರಿ 60 ವ್ಯಾಟ್ ಎಂದಿಟ್ಟುಕೋ. 12 ವೋಲ್ಟಿಗೆ ಅದು 5 ಆಂಪಿಯರ್. 45 ಆಂಪಿಯರ್-ಅವರ್ ಬ್ಯಾಟರಿ 9 ಗಂಟೆಯಲ್ಲಿ ಖಾಲಿ. ರಾತ್ರಿ ನಿಲ್ಲಿಸಿದ್ದು ಬೆಳಿಗ್ಗೆ ಎದ್ದೇಳದಿರುವುದಕ್ಕೆ ಬ್ಯಾಟರಿಯನ್ನು ಬೈಯುವ ಅಗತ್ಯವಿಲ್ಲ. ಅದಕ್ಕಿಂತ ದೊಡ್ಡ ಅಪಾಯ, ಸದಾ ಉರಿಯುವ ಬ್ರೇಕ್ ಲೈಟ್ ಹಿಂದಿನವನಿಗೆ ಏನನ್ನೂ ಹೇಳುವುದಿಲ್ಲ. ನೀನು ನಿಜವಾಗಿ ಬ್ರೇಕ್ ಹಾಕಿದ್ದು ಅವನಿಗೆ ಗೊತ್ತಾಗುವುದು ಬಂಪರ್ ತಾಗಿದ ಮೇಲೆ. ಆ ಬಿರಡೆ ಅಲ್ಲಿ ಕೆಲವೇ ಡಾಲರಿಗೆ ಸಿಗುತ್ತದೆ. ಅದನ್ನು ಹಾಕುವ ತನಕ ಹೈವೇಗೆ ಹೋಗಬೇಡ ಮಾರಾಯ್ತಿ.

ಉರಿಯುತ್ತಿಲ್ಲವಾದರೆ ಮುಂದಿನ ಕೆಲಸ. ಪೆಡಲ್ ತುಳಿಯಲು ರೂಮಿನವರನ್ನು ಕೂರಿಸಿ ಮೂರೂ ಬಲ್ಬು ಹತ್ತುತ್ತವೆಯೇ ನೋಡು. ಕೆಲವು ಹಳೆಯ ಗಾಡಿಗಳಲ್ಲಿ ಮಾಡ್ಯೂಲ್ ಬ್ರೇಕ್ ಲೈಟಿನ ತಂತಿಯಲ್ಲಿ ಬಲ್ಬಿನ ಎಳೆಯ ಮೂಲಕ ಅರ್ತ್ ಇದೆಯೇ ಎಂದು ನೋಡಿಕೊಂಡೇ ಕೆಲಸಕ್ಕಿಳಿಯುತ್ತದೆ. ಬಲ್ಬುಗಳು ಸುಟ್ಟಿದ್ದರೆ, ಅಥವಾ ಹಿಂದಿನ ಮಾಲೀಕ ಚಂದಕ್ಕೆಂದು ಎಲ್‌ಇಡಿ ಹಾಕಿಸಿದ್ದರೆ, ಆ ಅರ್ತ್ ಸಿಗದೆ ಕ್ರೂಸ್ ಮುನಿಸಿಕೊಂಡಿರುತ್ತದೆ. ಬಲ್ಬು ಬದಲಾಯಿಸಿ ಕ್ರೂಸ್ ಸರಿಯಾಯಿತು ಎಂದರೆ ನಗುತ್ತಾರೆ, ಆದರೆ ನಿಜ.

ಬಲ್ಬು ಸರಿ ಇದ್ದರೆ ಮೀಟರ್ ತೆಗೆ. ಬ್ರೇಕ್ ಸ್ವಿಚ್ಚಿಗೆ ಬಂದ ಕಪ್ಲರಿನಲ್ಲಿ ನಾಲ್ಕು ತಂತಿ ಇರುತ್ತವೆ, ಎರಡು ಜೋಡಿ. ಒಂದು ಜೋಡಿ ಬ್ರೇಕ್ ಲೈಟಿನದು, ತುಳಿದಾಗ ಕೂಡಿಕೊಳ್ಳುತ್ತದೆ. ಇನ್ನೊಂದು ಕ್ರೂಸಿನದು, ತುಳಿದಾಗ ಬಿಟ್ಟುಕೊಳ್ಳುತ್ತದೆ. ಕಪ್ಲರ್ ಬಿಚ್ಚಿ ಸ್ವಿಚ್ಚಿನ ಕಡೆ ಓಮ್‌ನಲ್ಲಿ ಎರಡನ್ನೂ ನೋಡು. ಲೈಟ್ ಸರಿಯಾಗಿ ಹತ್ತುತ್ತಿದ್ದರೂ ಕ್ರೂಸಿನ ಜೋಡಿ ಸವೆದು ಹೋಗಿರಬಹುದು. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ, ‘ಬ್ರೇಕ್ ಲೈಟ್ ಸರಿ ಇದೆ, ಸ್ವಿಚ್ ಸರಿ ಇದೆ’ ಎಂದು ಮುಂದೆ ಹೋಗುತ್ತಾರೆ.

ಇಲ್ಲೇ ನಿಂತು ಒಂದು ವಿಷಯ ಕಟ್ಟುನಿಟ್ಟಾಗಿ ಹೇಳಬೇಕು. ನಮ್ಮ ಕಡೆ ಸ್ವಿಚ್ಚನ್ನು ತಪ್ಪಿಸಿ ಕರೆಂಟ್ ‘ಡೈರೆಕ್ಟ್ ಕೊಡುವುದು’ ಎಂಬ ವಿದ್ಯೆ ನಿನಗೆ ಗೊತ್ತೇ ಇದೆ. ರೇಡಿಯೇಟರ್ ಫ್ಯಾನಿನ ಸ್ವಿಚ್ ಕೆಟ್ಟರೆ ಡೈರೆಕ್ಟ್, ಹಾರನ್ ರಿಲೇ ಕೆಟ್ಟರೆ ಡೈರೆಕ್ಟ್. ಸಾಗರದ ವರ್ಕ್‌ಶಾಪಿನಲ್ಲಿದ್ದಾಗ ನಾನೂ ಕೊಟ್ಟಿದ್ದೇನೆ. ಮಳೆಗಾಲದ ರಾತ್ರಿ ಆನವಟ್ಟಿಗೋ ಚಂದ್ರಗುತ್ತಿಗೋ ಹೋಗಬೇಕಾದವನನ್ನು ‘ಸಾಮಾನು ಬರುವವರೆಗೆ ಇರು’ ಎಂದು ಕೂರಿಸಲಾಗುತ್ತದೆಯೇ? ಅದರಲ್ಲಿ ತಪ್ಪಿಲ್ಲ, ಫ್ಯಾನ್ ಸುಮ್ಮನೆ ತಿರುಗುತ್ತದೆ ಅಷ್ಟೆ. ಆದರೆ ಕ್ರೂಸಿನ ಬ್ರೇಕ್ ತಂತಿಗೆ ಡೈರೆಕ್ಟ್ ಕೊಟ್ಟೆಯೋ, ಗಾಡಿಗೆ ನೀನು ಬ್ರೇಕ್ ತುಳಿದದ್ದೇ ಗೊತ್ತಾಗದೆ ಹೋಗಬಹುದು. ನೀನು ನಿಲ್ಲಿಸಲು ತುಳಿಯುತ್ತೀಯ, ಅದು ವೇಗ ಇಳಿಯಿತೆಂದು ಕೇಬಲ್ ಎಳೆಯಬಹುದು. ಅದಕ್ಕೇ ಕಂಪನಿಯವರು ಎರಡು ದಾರಿ ಇಟ್ಟಿದ್ದಾರೆ. ಒಂದು ತಂತಿ ಮಾಡ್ಯೂಲಿಗೆ ಸುದ್ದಿ ಮುಟ್ಟಿಸುತ್ತದೆ, ಇನ್ನೊಂದು ಕೇಬಲ್ ಎಳೆಯುವ ಡಬ್ಬಿಯ ಕರೆಂಟನ್ನೇ ಕತ್ತರಿಸುತ್ತದೆ. ಸುದ್ದಿ ತಲುಪದಿದ್ದರೂ ಕರೆಂಟ್ ಕಡಿಯಬೇಕು. ಪರೀಕ್ಷೆಗೆಂದು ನಿಂತ ಗಾಡಿಯಲ್ಲಿ ಕಪ್ಲರಿಗೆ ತುಂಡು ತಂತಿ ಸಿಕ್ಕಿಸುವವರಿದ್ದಾರೆ. ನೀನು ಅದನ್ನೂ ಮಾಡಬೇಡ, ಮರೆತು ರಸ್ತೆಗಿಳಿದರೆ ಯಾರು ಹೊಣೆ?

ತಂತಿಯ ಬಗ್ಗೆ ಹೇಳುವಾಗ ನಿನ್ನ ರೂಮಿನವಳ ಫೋರ್ಡ್ ಪಿಕಪ್ ನೆನಪಾಯಿತು. ಅದು ಯಾವ ವರ್ಷದ್ದೆಂದು ಕೇಳು. 1990ರ ದಶಕದಿಂದ ಹಿಡಿದು ಫೋರ್ಡ್ ಕಂಪನಿಯ ಅನೇಕ ಮಾದರಿಗಳಲ್ಲಿ ಕ್ರೂಸ್ ಕಡಿಯುವ ಸ್ವಿಚ್ಚನ್ನು ಬ್ರೇಕ್ ಎಣ್ಣೆಯ ಒತ್ತಡಕ್ಕೆ ಜೋಡಿಸಿದ್ದರು. ಆ ಸ್ವಿಚ್ಚಿಗೆ ಕೀ ತೆಗೆದ ಮೇಲೂ ಕರೆಂಟ್ ಇರುತ್ತಿತ್ತು. ಒಳಗಿನ ತೆಳು ಪೊರೆ ಬಿರುಕು ಬಿಟ್ಟು ಬ್ರೇಕ್ ಎಣ್ಣೆ ಕರೆಂಟಿನ ಕಡೆಗೆ ಜಿನುಗಿತು. ಮನೆ ಮುಂದೆ ನಿಲ್ಲಿಸಿದ ಗಾಡಿಗಳಿಗೇ ಬೆಂಕಿ ಹೊತ್ತಿಕೊಂಡಿತು. 1999ರಿಂದ 2009ರವರೆಗೆ ಕಂತು ಕಂತಾಗಿ ಸುಮಾರು 1.4 ಕೋಟಿ ಗಾಡಿಗಳನ್ನು ವಾಪಸು ಕರೆಸಬೇಕಾಯಿತು. ಅನೇಕ ಗಾಡಿಗಳಿಗೆ ಕೊಟ್ಟ ಪರಿಹಾರ ಏನು ಗೊತ್ತೇ? ನಡುವೆ ಒಂದು ಫ್ಯೂಸ್ ಇರುವ ಸಣ್ಣ ವೈರಿಂಗ್ ತುಂಡು. ಅವಳ ಗಾಡಿಗೆ ಆ ಕೆಲಸ ಆಗಿದೆಯೇ ಎಂದು ಆ ಕಂಪನಿಯ ಡೀಲರ್ ಹತ್ತಿರ ಗಾಡಿಯ ಚಾಸಿ ನಂಬರ್ ಕೊಟ್ಟು ಕೇಳಲಿ. ನಿನ್ನ ಗಾಡಿಯಲ್ಲೂ ಕೀ ತೆಗೆದ ಮೇಲೆ ಯಾವ ತಂತಿಯಲ್ಲಿ ಕರೆಂಟ್ ಉಳಿಯುತ್ತದೆ ಎಂದು ಮೊದಲು ಗುರುತು ಮಾಡಿಕೊಂಡೇ ಕೈ ಹಾಕು.

ಉಳಿದವು ಬೇಗ ಮುಗಿಯುತ್ತವೆ. ಡ್ಯಾಶ್‌ಬೋರ್ಡಿನ ಮೇನ್ ಸ್ವಿಚ್ ಒತ್ತಿದರೆ ಅದರ ದೀಪ ಹತ್ತುತ್ತದೆ ಎಂದೆ, ಸರಿ, ಅಲ್ಲಿಗೆ ಕರೆಂಟ್ ಬಂದಿದೆ. ಸ್ಪೀಡೋಮೀಟರ್ ಮುಳ್ಳು ನಡುಗದೆ ಓಡುತ್ತಿದ್ದರೆ ಸೆನ್ಸರ್ ಬಹುಮಟ್ಟಿಗೆ ಸರಿ. ಹಾರನ್ ಆಗುತ್ತದೆ ಎಂದೆ. ಅನೇಕ ಹಳೆಯ ಗಾಡಿಗಳಲ್ಲಿ ಸೆಟ್ ಬಟನ್ನಿಗೂ ಹಾರನ್ನಿಗೂ ತಂತಿ ಹೋಗುವುದು ಸ್ಟಿಯರಿಂಗಿನೊಳಗೆ ಸುರುಳಿ ಸುತ್ತಿದ ಒಂದೇ ಪಟ್ಟಿಯಲ್ಲಿ. ಹಾರನ್ನೂ ಇಲ್ಲ, ಕ್ರೂಸೂ ಇಲ್ಲ ಎಂದಿದ್ದರೆ ಆ ಪಟ್ಟಿ ತುಂಡಾಗಿದೆ ಎನ್ನುತ್ತಿದ್ದೆ. ನಿನ್ನದು ಅಲ್ಲ ಎಂದು ತೋರುತ್ತದೆ. ವ್ಯಾಕ್ಯೂಮ್ ಡಬ್ಬಿಗೆ ಹೋಗುವ ರಬ್ಬರ್ ಪೈಪ್ ಬಗ್ಗಿಸಿ ನೋಡು. ಬಿರುಕಿದ್ದರೆ ವೈರಿಂಗ್ ಎಷ್ಟು ಸರಿ ಇದ್ದರೂ ಎಳೆಯುವ ಶಕ್ತಿ ಇರುವುದಿಲ್ಲ. ಮತ್ತೆ, ಗಂಟೆಗೆ 40 ಕಿ.ಮೀ. ಒಳಗೆ ಕ್ರೂಸ್ ಸಾಮಾನ್ಯವಾಗಿ ಹಿಡಿಯುವುದೇ ಇಲ್ಲ. ಕಾಲೇಜಿನ ಪಾರ್ಕಿಂಗಿನಲ್ಲಿ ಸುತ್ತು ಹೊಡೆದು ‘ಕೆಲಸ ಮಾಡುತ್ತಿಲ್ಲ’ ಎನ್ನಬೇಡ. ನಮ್ಮ ಸಾಗರ-ಸೊರಬ ನಡುವಿನ ದಾರಿಯಲ್ಲಿ ಇದನ್ನು ಹಾಕುವ ಯೋಗ ಯಾರಿಗಿದೆ ಹೇಳು. ಒಂದು ತಿರುವು ಮುಗಿಯುವಷ್ಟರಲ್ಲಿ ದನ, ದನ ದಾಟುವಷ್ಟರಲ್ಲಿ ಬಸ್ಸು. ಈಗ ಇಲ್ಲಿಗೆ ಬರುವ ಹೊಸ ಗಾಡಿಗಳಲ್ಲೂ ಆ ಬಟನ್ ಇದೆ, ಒತ್ತಿದವರನ್ನು ನಾನು ಕಂಡಿಲ್ಲ. ಕೆಟ್ಟದ್ದು ಮಾತ್ರ ಕಂಡಿದ್ದೇನೆ. ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸಿದ ಒಂದು ಗಾಡಿಯ ಕ್ರೂಸಿನ ತಂತಿಯನ್ನೇ ಇಲಿ ಕಡಿದಿತ್ತು.

ಸ್ಟಿಯರಿಂಗ್ ಮಾತ್ರ ನೀನು ಬಿಚ್ಚಬೇಡ. ಅದರೊಳಗೆ ಏರ್‌ಬ್ಯಾಗ್ ಇದೆ, ಹಳದಿ ಕಪ್ಲರ್ ಕಂಡಲ್ಲಿ ಕೈ ಹಿಂದಕ್ಕೆ ತೆಗೆ. ಮೀಟರನ್ನೂ ಅಲ್ಲಿಗೆ ತಾಗಿಸಬೇಡ. ಅಲ್ಲಿಗೆ ಹೋಗಲೇಬೇಕಾದರೆ ಬಲ್ಲವನ ಕೈಯಲ್ಲಿ ಮಾಡಿಸು. ಅವನು ಬ್ಯಾಟರಿಯ ಮೈನಸ್ ತೆಗೆದು, ಒಳಗೆ ಉಳಿದ ಕರೆಂಟ್ ಇಳಿಯಲು ಕಾಯುತ್ತಾನೋ ಇಲ್ಲವೋ ನೋಡು. ಕಾಯದವನಾದರೆ ಕೀ ಇಸಿದುಕೊಂಡು ಬಾ. ಬ್ಯಾಟರಿ ತೆಗೆಯುವ ಮುಂಚೆ ರೇಡಿಯೋದ ಕೋಡ್ ಬರೆದಿಟ್ಟುಕೊಳ್ಳುವುದನ್ನು ಮರೆಯಬೇಡ. ಆ ಕಾಲದ ಎಷ್ಟೋ ರೇಡಿಯೋಗಳು ಕಳ್ಳರ ಭಯಕ್ಕೆ ಕೋಡ್ ಕೇಳುತ್ತವೆ.

ಕೊನೆಯವನು ಅರ್ತ್. ನೀನಿರುವ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರಂತೆ. ನಮ್ಮ ಮಳೆ ಮೂರ್ನಾಲ್ಕು ತಿಂಗಳಲ್ಲಿ ಮಾಡುವುದನ್ನು ಆ ಉಪ್ಪು ಇನ್ನೂ ಬೇಗ ಮಾಡುತ್ತದೆ. ಬಾಡಿಗೆ ಬಿಗಿದ ಅರ್ತ್ ಬೋಲ್ಟಿನ ಅಡಿ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು. ಇದನ್ನು ಓಮ್‌ನಲ್ಲಿ ನೋಡಿ ಮೋಸಹೋಗಬೇಡ. ಹತ್ತಾರು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ‘ಸೊನ್ನೆ ಓಮ್, ಸರಿ ಇದೆ’ ಎನ್ನುತ್ತದೆ, ಯಾಕೆಂದರೆ ಮೀಟರ್ ಕಳಿಸುವ ಕರೆಂಟ್ ಅಷ್ಟು ಅಲ್ಪ. ಕೆಲಸ ಮಾಡಿಸಿದಾಗ ಮಾತ್ರ ಅದರ ಬಡತನ ಹೊರಬೀಳುತ್ತದೆ. ಹಾಗಾಗಿ ಮೀಟರನ್ನು ವೋಲ್ಟಿಗೆ ತಿರುಗಿಸು. ಸ್ವಿಚ್ ಆನ್ ಮಾಡಿ, ಕರೆಂಟ್ ಹರಿಯುತ್ತಿರುವಾಗ, ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಆ ಅರ್ತ್ ತಂತಿಗೆ ಹಿಡಿ. 0.1, 0.2 ವೋಲ್ಟಿನೊಳಗೆ ಬಂದರೆ ತಂತಿ ಒಳ್ಳೆಯದು. ಅರ್ಧ ವೋಲ್ಟು, ಒಂದು ವೋಲ್ಟು ತೋರಿಸಿದರೆ ಬೋಲ್ಟ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ. ನಾವು ಹಳಬರು ಟೆಸ್ಟ್ ಲ್ಯಾಂಪ್ ಬಿಡದೆ ಇದ್ದದ್ದೂ ಇದಕ್ಕೇ, ಬಲ್ಬು ಕರೆಂಟ್ ಕುಡಿದು ನೋಡುತ್ತದೆ. ಆದರೆ ಮಾಡ್ಯೂಲಿಗೆ ಹೋಗುವ ಸಣ್ಣ ತಂತಿಗಳಿಗೆ ಆ ಬಲ್ಬು ಹಿಡಿಯಬಾರದು, ಒಳಗಿನ ಟ್ರಾನ್ಸಿಸ್ಟರ್ ಸುಟ್ಟೀತು. ಅಲ್ಲಿ ಮೀಟರ್ ಮಾತ್ರ.

ಇಷ್ಟೂ ಸಹಿ ಬಿದ್ದ ಮೇಲೆ, ಸೆಟ್ ಒತ್ತಿದಾಗ ಮಾಡ್ಯೂಲಿಗೆ ಎಲ್ಲವೂ ತಲುಪುತ್ತಿದ್ದೂ ಅದು ಏನೂ ಹೊರಗೆ ಕಳಿಸುತ್ತಿಲ್ಲ ಎಂದು ಮೀಟರಿನಲ್ಲಿ ಕಂಡ ಮೇಲೆ, ಆಗ ಮಾತ್ರ ಮಾಡ್ಯೂಲನ್ನು ಅನುಮಾನಿಸು. ಆಗಲೂ ಮುಚ್ಚಳ ತೆಗೆದು ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡು. ಹಳೆಯವುಗಳಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಂಥ ಉಂಗುರದ ಬಿರುಕು ಇರುವುದುಂಟು. ನಿಮ್ಮ ಕಾಲೇಜಿನ ಲ್ಯಾಬಿನಲ್ಲಿ ಬೆಸುಗೆ ಕೋಲು ಇದ್ದೇ ಇರುತ್ತದಲ್ಲ.

ಸರಿಯಾದ ಮೇಲೆ ಮಳೆಯಲ್ಲಿ, ಹಿಮ ಬಿದ್ದ ರಸ್ತೆಯಲ್ಲಿ ಕ್ರೂಸ್ ಹಾಕಬೇಡ. ಚಕ್ರ ಜಾರಿದಾಗ ಕಾಲಿಗೆ ತಿಳಿಯುವುದು ಈ ಹಳೇ ಮಾಡ್ಯೂಲಿಗೆ ತಿಳಿಯುವುದಿಲ್ಲ.

ದೊಡ್ಡಮ್ಮ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ, ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತೇವೆ. ಸದ್ಯಕ್ಕೆ ನೀನು ನನಗೆ ಮೂರು ಸಂಗತಿ ಬರೆದು ಕಳಿಸು: ಕೀ ತೆಗೆದಾಗ ಬ್ರೇಕ್ ಲೈಟ್ ಆರಿದೆಯೇ, ಪೆಡಲ್ ತುಳಿದಾಗ ಬಿಟ್ಟಾಗ ಸ್ವಿಚ್ಚಿನ ಎರಡು ಜೋಡಿ ಏನು ತೋರಿಸುತ್ತವೆ, ಅರ್ತಿನಲ್ಲಿ ಎಷ್ಟು ವೋಲ್ಟ್. ಅಲ್ಲಿಯವರೆಗೆ ಆ ಗ್ಯಾರೇಜಿನವನಿಗೆ ಮಾಡ್ಯೂಲಿಗೆಂದು ಒಂದು ಡಾಲರೂ ಕೊಡಬೇಡ.

ಇಂತಿ ನಿನ್ನ
ದೊಡ್ಡಪ್ಪ